ಬಾಲ್ಕನಿಯ ಬಕೆಟ್ಟಿನಲ್ಲಿ ಉಳಿದಿದ್ದ ಹಳೇ ನೀರು

ಮೀನುಗಳು ಸತ್ತಿದ್ದು ನಾನು ನೀರು ಬದಲಾಯಿಸಿದ ರಾತ್ರಿ. ಅದಕ್ಕೆ ಮುಂಚೆ ಒಂದು ತಿಂಗಳಿಗೂ ಜಾಸ್ತಿ ನೀರು ಬದಲಾಯಿಸಿರಲೇ ಇಲ್ಲ. ಆಗೆಲ್ಲ ಅವು ಆರಾಮಾಗಿ ಓಡಾಡಿಕೊಂಡಿದ್ದವು. ಕೊಳೆ ನೀರಲ್ಲಿ ಬದುಕಿದ್ದ ಮೀನುಗಳು ಹೊಸ ನೀರು ಕೊಟ್ಟ ತಕ್ಷಣ ಯಾಕೆ ಸತ್ತವು? ಈ ಪ್ರಶ್ನೆ ಸುಮಾರು ದಿನ ನನ್ನ ತಲೆ ತಿಂದಿತ್ತು.

ಇದು 2024ರ ಜೂನ್ ಮೊದಲ ವಾರದ ಮಾತು. ಬೆಂಗಳೂರಿನಲ್ಲಿ ಆ ಬೇಸಿಗೆ ಹೇಗಿತ್ತು ಅನ್ನೋದನ್ನ ಇಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತೊಟ್ಟಿ ದೊಡ್ಡದೇನಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮರಳು, ಕಲ್ಲು ಎಲ್ಲ ಕಳೆದರೆ 50 ಲೀಟರ್ ನೀರು ಹಿಡಿಯುತ್ತೆ. ಅದರಲ್ಲಿ 11 ನಿಯಾನ್ ಟೆಟ್ರಾ, 5 ಗಪ್ಪಿ, ಒಂದು ಸಕರ್, ಒಂದು ಹಳದಿ ಬಸವನಹುಳು. ಈ ಸಕರನ್ನ ಇಷ್ಟು ಚಿಕ್ಕ ತೊಟ್ಟಿಗೆ ತರಲೇಬಾರದು. ಅದು ಒಂದಡಿಗೂ ಮೀರಿ ಬೆಳೆಯುತ್ತೆ. ಅಂಗಡಿಯಲ್ಲಿ "ಪಾಚಿ ತಿನ್ನುತ್ತೆ ಸಾರ್" ಅಂದರು, ನಾನೂ ತಲೆಯಾಡಿಸಿ ತಂದೆ. ಅದರ ಕಥೆ ಬೇರೆ.

ಬೆಂಗಳೂರಿನವರ ಬಾಯಲ್ಲಿ ನೀರು ಎರಡೇ ಜಾತಿ. ಕಾವೇರಿ ಬಂದರೆ ಸಿಹಿ ನೀರು, ಬೋರ್‌ವೆಲ್ ಬಂದರೆ ಉಪ್ಪು ನೀರು. ಉಪ್ಪು ನೀರು ಅಂದರೆ ಸಮುದ್ರದ ಹಾಗೆ ಉಪ್ಪೇನಲ್ಲ. ಕಲ್ಲಿನೊಳಗೆ ನೂರಾರು ಅಡಿ ಆಳದಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕುಡಿದುಕೊಂಡು ಬಂದ ಗಡಸು ನೀರು. ಅಮ್ಮ ತೀರ್ಥಹಳ್ಳಿ ಕಡೆಯವರು. ಅಲ್ಲಿ ಸೋಪು ಮುಟ್ಟಿಸಿದರೆ ಸಾಕು, ನೊರೆಯೋ ನೊರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಅಮ್ಮನ ದಿನದ ದೂರು ಒಂದೇ. "ಈ ನೀರಲ್ಲಿ ಬೇಳೆ ಬೇಯಲ್ಲ ಕಣೋ, ಎಷ್ಟು ವಿಷಲ್ ಹಾಕ್ಸಿದ್ರೂ ಕಾಳು ಕಾಳೇ." ಟ್ಯಾಂಕರ್ ನೀರು ಬಂದ ದಿನ ತೊಗರಿಬೇಳೆಗೆ ಚಿಟಿಕೆ ಅಡುಗೆ ಸೋಡಾ ಬೀಳುತ್ತಿತ್ತು. ಯಾವ ಮೂಲದ ನೀರು ಅಂತ ನಾನು ಸಂಪಿನ ಹತ್ತಿರ ಹೋಗಿ ಕೇಳಬೇಕಾಗಿರಲಿಲ್ಲ, ಹುಳಿಯಲ್ಲಿ ಬೇಳೆ ನೋಡಿದರೆ ಗೊತ್ತಾಗುತ್ತಿತ್ತು.

ಬೇಳೆ ಬೇಯದಿರೋದಕ್ಕೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಬೇಳೆಯ ಜೀವಕೋಶಗಳನ್ನ ಅಂಟಿಸಿ ಹಿಡಿದಿರೋ ಪೆಕ್ಟಿನ್ ಜೊತೆ ಅವು ಸೇರಿಕೊಂಡು ಗಟ್ಟಿ ಮಾಡಿಬಿಡುತ್ತವೆ. ಮೀನು ಸಾಕುವವರು ಇವುಗಳ ಲೆಕ್ಕಕ್ಕೆ ಜಿಎಚ್ ಅಂತಾರೆ. ಇನ್ನೊಂದಿದೆ, ಕೆಎಚ್. ನೀರು ಕುದಿಸಿದಾಗ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತಲ್ಲ, ಅದಕ್ಕೆ ಮೂಲವಾದ ಬೈಕಾರ್ಬೊನೇಟ್‌ನ ಲೆಕ್ಕ ಅದು. ಜಿಎಚ್ ಬೇಳೆಯಲ್ಲಿ ಕಾಣುತ್ತೆ, ಕೆಎಚ್ ಬಿಸಿನೀರಿನ ಹಂಡೆಯಲ್ಲಿ ಕಾಣುತ್ತೆ. ನನ್ನ ಮೀನುಗಳ ಸಾವು ಈ ಎರಡನೆಯದಕ್ಕೆ ಸಂಬಂಧಿಸಿದ್ದು.

2022ರಲ್ಲಿ ತೊಟ್ಟಿ ಶುರುಮಾಡಿದಾಗಿಂದ ಕಾವೇರಿ ನೀರೇ ಹಾಕುತ್ತಿದ್ದೆ. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟು, ಏರ್ ಸ್ಟೋನ್ ಬಿಟ್ಟು ಕ್ಲೋರಿನ್ ಹೋಗಲು ಬಿಡೋದು, ಭಾನುವಾರ ಹತ್ತು ಲೀಟರ್ ಬದಲಾಯಿಸೋದು. 2024ರ ಫೆಬ್ರವರಿ ಹೊತ್ತಿಗೆ ನಲ್ಲಿ ನೀರು ವಾರಕ್ಕೆ ಎರಡು ದಿನಕ್ಕೆ ಇಳಿಯಿತು. ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್ ಶುರುವಾಯಿತು. ಟ್ಯಾಂಕರ್ ನೀರು ಹಾಕಿದ ಮೊದಲ ವಾರವೇ ತೊಟ್ಟಿಯ ಗಾಜಿನ ಅಂಚಿಗೆ ಬಿಳಿ ಗೆರೆ ಕೂತಿತು. ಉಗುರಿನಲ್ಲಿ ಕೆರೆದರೂ ಹೋಗಲಿಲ್ಲ. ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅಡುಗೆಮನೆಯ ಆರ್‌ಓ ನೀರು ಹಾಕಿದರೆ ಹೇಗೆ? ಮನುಷ್ಯರು ಕುಡಿಯೋ ನೀರು, ಮೀನಿಗೆ ಇನ್ನೂ ಒಳ್ಳೇದೇ ಅಲ್ವಾ?

ಆರ್‌ಓ ಯಂತ್ರ ಒಂದು ಲೀಟರ್ ನೀರು ಕೊಡೋದಕ್ಕೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ. ಅಂಥ ಬರಗಾಲದಲ್ಲಿ ಮೀನಿಗೆ ಅಂತ ಹತ್ತು ಲೀಟರ್ ಹಿಡಿಯೋದು ನೋಡಿ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಬಿದ್ದ ನೀರನ್ನೆಲ್ಲ ಹಿಡಿದು ನೆಲ ಒರೆಸೋದಕ್ಕೆ ಇಟ್ಟುಕೊಳ್ಳುತ್ತಿದ್ದರು. ಏಪ್ರಿಲ್ ಕೊನೆಗೆ ನನಗೂ ನಾಚಿಕೆಯಾಗಿ ನೀರು ಬದಲಾಯಿಸೋದನ್ನೇ ನಿಲ್ಲಿಸಿದೆ. ಆವಿಯಾದಷ್ಟನ್ನ ಮಾತ್ರ ಮೇಲಿಂದ ತುಂಬಿಸುತ್ತಿದ್ದೆ.

ತೊಟ್ಟಿ ಫಳಫಳ ಅನ್ನುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತು ಅಂದರೆ ಬಂದವರು "ನೀರೇ ಇಲ್ವೇನೋ ಅನ್ಸತ್ತೆ" ಅನ್ನುತ್ತಿದ್ದರು. ವಾಸನೆ ಇಲ್ಲ. ಟೆಟ್ರಾಗಳ ನೀಲಿ ಗೆರೆ ಮಿಂಚುತ್ತಿತ್ತು. ಗಪ್ಪಿಗಳು ಮಾತ್ರ ಸ್ವಲ್ಪ ಸೊರಗಿದ ಹಾಗಿದ್ದವು, ಬಾಲ ಮುದುರಿಕೊಂಡು ಮೂಲೆ ಹಿಡಿಯುತ್ತಿದ್ದವು. ವಯಸ್ಸಾಯಿತೇನೋ ಅಂದುಕೊಂಡೆ.

ಎರಡು ಸುಳಿವು ಕಣ್ಣೆದುರೇ ಇದ್ದವು. ಒಂದು, ಬಸವನಹುಳುವಿನ ಚಿಪ್ಪು. ಹಳದಿ ಚಿಪ್ಪಿನ ಮೇಲೆ ಸೂಜಿಯಲ್ಲಿ ಕೆತ್ತಿದ ಹಾಗೆ ಬಿಳಿ ಗುಳಿಗಳು. ತುದಿ ಸವೆದು, ಮೊಟ್ಟೆಯ ಸಿಪ್ಪೆಯೊಳಗಿನ ಪೊರೆಯ ಹಾಗೆ ತೆಳ್ಳಗಾಗಿತ್ತು. ಇನ್ನೊಂದು, ಬಾಲ್ಕನಿಯ ಕರಿಬೇವು. ಫಿಲ್ಟರಿನ ಸ್ಪಾಂಜ್ ತೊಳೆದ ತೊಟ್ಟಿಯ ನೀರನ್ನ ಅಮ್ಮ ಅದಕ್ಕೇ ಸುರಿಯುತ್ತಿದ್ದರು. ಆ ಬಿರುಬಿಸಿಲಲ್ಲಿ ಅಕ್ಕಪಕ್ಕದ ಗಿಡಗಳೆಲ್ಲ ಬಾಡಿದರೆ ಅದೊಂದು ಮಾತ್ರ ಕಡುಹಸಿರಾಗಿ ಚಿಗುರುತ್ತಿತ್ತು. ಎರಡನ್ನೂ ನೋಡಿದೆ. ಎರಡನ್ನೂ ಫೋಟೋ ಕೂಡ ತೆಗೆದೆ. ಅರ್ಥ ಆಗಲಿಲ್ಲ.

ಜೂನ್‌ನಲ್ಲಿ ಮಳೆ ಬಿತ್ತು. ಸಂಪು ತುಂಬ ಟ್ಯಾಂಕರ್ ನೀರಿತ್ತು. ಖುಷಿಯಲ್ಲಿ, ಇಷ್ಟು ದಿನದ ಬಾಕಿ ತೀರಿಸೋಣ ಅಂತ, ಒಂದೇ ಸಲ ಅರ್ಧ ತೊಟ್ಟಿ ಖಾಲಿ ಮಾಡಿದೆ. ಪೈಪಿನಲ್ಲಿ ಎಳೆದ 25 ಲೀಟರ್ ಎರಡು ಬಕೆಟ್ಟಿಗೆ ಬಂತು. ಚೆಲ್ಲೋಕೆ ಹೊರಟಾಗ ಅಮ್ಮ ತಡೆದರು. "ಇಡು ಅಲ್ಲೇ, ಗಿಡಕ್ಕೆ ಆಗತ್ತೆ." ಒಂದು ಬಕೆಟ್ ಆಗಲೇ ಗಿಡಗಳಿಗೆ ಹೋಯಿತು, ಇನ್ನೊಂದು ಬಾಲ್ಕನಿಯಲ್ಲಿ ಉಳಿಯಿತು. ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ತಣ್ಣಗಿದೆಯಾ ಬೆಚ್ಚಗಿದೆಯಾ ಅಂತ ಕೈಯಿಟ್ಟು ನೋಡಿ, ನಿಧಾನವಾಗಿ ಸುರಿದೆ. ರಾತ್ರಿ ಎಂಟು ಗಂಟೆ.

ಒಂಬತ್ತೂವರೆಗೆ ಟೆಟ್ರಾಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದೆರಡು ಇದ್ದಕ್ಕಿದ್ದ ಹಾಗೆ ಬಾಣ ಬಿಟ್ಟ ಹಾಗೆ ಓಡಿ ಗಾಜಿಗೆ ಬಡಿದುಕೊಂಡವು. ಕಿವಿರು ಕೆಂಪಗೆ ಊದಿದ್ದವು. ಎರಡನೇ ಏರ್ ಪಂಪ್ ಹಾಕಿದೆ. ದೀಪ ಆರಿಸಿದೆ. ನೀಲಿ ಔಷಧಿಯ ಬಾಟಲ್ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟೆ. ಬೆಳಿಗ್ಗೆ ಒಂಬತ್ತು ಟೆಟ್ರಾ, ಎರಡು ಗಪ್ಪಿ ತಳದಲ್ಲಿದ್ದವು. ಬಸವನಹುಳು ತನ್ನ ಬಾಗಿಲು ಬಿಗಿಯಾಗಿ ಹಾಕಿಕೊಂಡು ಕೂತಿತ್ತು. ಮಗಳು ಏಳೋ ಮುಂಚೆ ಬಲೆಯಲ್ಲಿ ಸತ್ತವನ್ನ ಎತ್ತಿ, ಮಲ್ಲಿಗೆ ಕುಂಡದಲ್ಲಿ ಹೂತೆ. ಆಮೇಲೆ ಅವಳು ಲೆಕ್ಕ ಹಾಕಿ ಕೇಳಿದಳು. ಮಕ್ಕಳು ಎಣಿಸುತ್ತಾರೆ.

ನನ್ನ ಮೊದಲ ಅನುಮಾನ ಟ್ಯಾಂಕರ್ ನೀರಿನ ಮೇಲೆ. ಏನೋ ಕಲಬೆರಕೆ ಇರಬೇಕು, ಇಲ್ಲಾ ಸಂಪಿಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದಿರಬೇಕು. ಬೀರುವಿನ ಮೇಲಿಂದ ಟೆಸ್ಟ್ ಕಿಟ್ ಇಳಿಸಿದೆ. ಮೊದಲ ವರ್ಷ ಪ್ರತಿ ವಾರ ಪರೀಕ್ಷೆ ಮಾಡುತ್ತಿದ್ದೆ. ಮೀನಿನ ಕಸದಿಂದ ನೀರಲ್ಲಿ ಸೇರೋ ವಿಷಗಳು ಅಮೋನಿಯಾ, ನೈಟ್ರೈಟ್. ಪ್ರತಿ ಸಲವೂ ಎರಡೂ ಸೊನ್ನೆ. ಸೊನ್ನೆ ನೋಡಿ ನೋಡಿ ಬೇಜಾರಾಗಿ ಎತ್ತಿಟ್ಟಿದ್ದೆ.

ಸಂಪಿನ ನೀರು ಪರೀಕ್ಷೆ ಮಾಡಿದರೆ ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನೋ ಅಳತೆ (7 ನಡು, ಕೆಳಗೆ ಆಮ್ಲ, ಮೇಲೆ ಕ್ಷಾರ), 8ರ ಸ್ವಲ್ಪ ಮೇಲೆ. ಗಡಸು, ಆದರೆ ವಿಷವೇನಲ್ಲ. ತೊಟ್ಟಿಯ ನೀರಿನಲ್ಲಿ ಪಿಎಚ್ ಸುಮಾರು 8, ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ಅಮೋನಿಯಾ ಇಲ್ಲದ ನೀರು ಸುರಿದ ಮೇಲೆ ತೊಟ್ಟಿಯಲ್ಲಿ ಅದು ಎಲ್ಲಿಂದ ಬಂತು? ಸತ್ತ ಮೀನಿನಿಂದ ಒಂದು ರಾತ್ರಿಯಲ್ಲಿ ಅಷ್ಟು ಬಂದಿರಲಾರದು. ಆಗ ಬಾಲ್ಕನಿಯ ಬಕೆಟ್ ನೆನಪಾಯಿತು.

ಕೆಎಚ್ ಪರೀಕ್ಷೆ ನನಗೆ ಕಿಟ್ಟಿನಲ್ಲೇ ಇಷ್ಟವಾದದ್ದು. ಐದು ಮಿಲಿಲೀಟರ್ ನೀರು ಗಾಜಿನ ಕೊಳವೆಗೆ ಹಾಕಿ, ಔಷಧಿಯನ್ನ ಹನಿ ಹನಿಯಾಗಿ ಬಿಡಬೇಕು. ಮೊದಲ ಹನಿಗೆ ನೀರು ನೀಲಿಯಾಗುತ್ತೆ. ಅಲ್ಲಾಡಿಸಿ ಇನ್ನೊಂದು ಹನಿ, ಇನ್ನೊಂದು. ಯಾವುದೋ ಒಂದು ಹನಿಗೆ ನೀಲಿ ಹೋಗಿ ಹಳದಿಯಾಗುತ್ತೆ. ಎಷ್ಟು ಹನಿ ಬಿತ್ತೋ ಅಷ್ಟು ಡಿಗ್ರಿ. ಸಂಪಿನ ನೀರು ಹನ್ನೊಂದು ಹನಿ ತಗೊಂಡಿತ್ತು. ಬಕೆಟ್ಟಿನ ಹಳೇ ನೀರಿಗೆ ಮೊದಲ ಹನಿ ಬಿಟ್ಟೆ. ನೀಲಿಯಾಗಲೇ ಇಲ್ಲ. ನೇರವಾಗಿ ಹಳದಿ. ಕೊಳವೆ ತೊಳೆದು ಇನ್ನೊಂದು ಸಲ ಮಾಡಿದೆ. ಮತ್ತೆ ಹಳದಿ. ಪಿಎಚ್ ಪರೀಕ್ಷೆ ಮಾಡಿದೆ, ಪಟ್ಟಿಯ ಕಟ್ಟಕಡೆಯ ಬಣ್ಣ, 6. ಅದಕ್ಕಿಂತ ಕೆಳಗಿದ್ದರೂ ಈ ಕಿಟ್ ಹೇಳಲ್ಲ. ಅಮೋನಿಯಾ ಕೊಳವೆ ಹಳದಿಯಿಂದ ಹಸಿರಿಗೆ ತಿರುಗಿ, ಕಡುಹಸಿರಾಗಿ, 4 ಪಿಪಿಎಂ ಬಣ್ಣದಲ್ಲಿ ನಿಂತಿತು. ಹಳೇ ನೀರಲ್ಲಿ 4, ಅರ್ಧ ಬದಲಾಯಿಸಿದ ಮೇಲೆ ತೊಟ್ಟಿಯಲ್ಲಿ 2. ಲೆಕ್ಕ ಸರಿಹೋಯಿತು. ವಿಷ ಬಂದಿದ್ದು ಹೊರಗಿಂದ ಅಲ್ಲ, ಮನೆಯಲ್ಲೇ ಇತ್ತು.

ಹಾಗಾದರೆ 4 ಇದ್ದಾಗ ಬದುಕಿದ್ದ ಮೀನು 2ಕ್ಕೆ ಇಳಿದಾಗ ಸತ್ತಿದ್ದು ಯಾಕೆ?

ಮೊದಲು ಕೆಎಚ್. ಇದನ್ನ ಅಕ್ಕಿ ಡಬ್ಬದ ಹಾಗೆ ನೋಡಿ. ಮನೆಯಲ್ಲಿ ದಿನಾ ಅನ್ನ ಆಗುತ್ತಿರುತ್ತೆ. ತಟ್ಟೆ ನೋಡಿದವರಿಗೆ ಡಬ್ಬದಲ್ಲಿ ಎಷ್ಟಿದೆ ಅಂತ ಗೊತ್ತಾಗಲ್ಲ. ಒಂದು ದಿನ ಪಾವು ತಳಕ್ಕೆ ತಾಗಿ ಟಣ್ ಅನ್ನುತ್ತೆ. ಪಿಎಚ್ ಅನ್ನೋದು ತಟ್ಟೆಯ ಅನ್ನ, ಕೆಎಚ್ ಡಬ್ಬದ ಅಕ್ಕಿ. ಮೀನು ಕಿವಿರಿನಿಂದ ಬಿಡೋ ಅಮೋನಿಯಾವನ್ನ ಫಿಲ್ಟರಿನ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತೆ. ಹುಟ್ಟಿದ ಆಮ್ಲವನ್ನ ಬೈಕಾರ್ಬೊನೇಟ್ ನುಂಗಿಕೊಳ್ಳುತ್ತೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ನಿಗೆ ಸುಮಾರು 7 ಮಿಲಿಗ್ರಾಂ ಸುಣ್ಣದ ಕಲ್ಲಿನಷ್ಟು ಕ್ಷಾರ ಖರ್ಚು. ಮಾಮೂಲಿಯಾಗಿ ಪ್ರತಿ ವಾರ ನಲ್ಲಿ ನೀರು ಹಾಕಿದಾಗ ಡಬ್ಬ ಮತ್ತೆ ತುಂಬುತ್ತೆ. ನಾನು ಹಾಕಿದ್ದು ಆರ್‌ಓ ನೀರು. ಆ ಯಂತ್ರ ಲವಣಗಳನ್ನ ಬಹುಪಾಲು ಸೋಸಿಬಿಡೋದರಿಂದ ಅದರಲ್ಲಿ ಅಕ್ಕಿಯೇ ಇಲ್ಲ. ಖರ್ಚೂ ನಿಲ್ಲಲಿಲ್ಲ, ಇದ್ದದ್ದನ್ನ ಪ್ರತಿ ವಾರ ಹತ್ತು ಲೀಟರ್‌ನಂತೆ ನಾನೇ ಹೊರಗೆ ಹಾಕಿದೆ. ಕೆಎಚ್ ಸೊನ್ನೆ ಆದಮೇಲೆ ಪಿಎಚ್ ಜಾರಿತು. ಹೊಟ್ಟೆಗಿಲ್ಲದ ನೀರು ಬಸವನಹುಳುವಿನ ಚಿಪ್ಪಿಗೇ ಬಾಯಿ ಹಾಕಿತ್ತು. ಆ ಬಿಳಿ ಗುಳಿಗಳು ಅದೇ.

ಪಿಎಚ್ 6ರ ಹತ್ತಿರ ಬಂದರೆ ಈ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸಿದ ಹಾಗೇ. ಅಮೋನಿಯಾ ಕರಗಿಸುವವರು ಯಾರೂ ಇಲ್ಲದೆ ಅದು ಸುಮ್ನೆ ಕೂಡುತ್ತಾ ಹೋಯಿತು. ಅಮ್ಮನ ಕರಿಬೇವಿಗೆ ಸಿಕ್ಕಿದ್ದು ಅದೇ ನೈಟ್ರೋಜನ್. ಗಿಡಕ್ಕೆ ಅದು ಗೊಬ್ಬರ.

ಈಗ ಮುಖ್ಯವಾದ ವಿಷಯ. ನೀರಿನಲ್ಲಿ ಅಮೋನಿಯಾಕ್ಕೆ ಎರಡು ರೂಪ. ಒಂದು ಅಮೋನಿಯಾ, ಇನ್ನೊಂದು ಅಮೋನಿಯಂ. ಆಮ್ಲ ಜಾಸ್ತಿ ಇದ್ದಾಗ ಅದು ಒಂದು ಹೈಡ್ರೋಜನ್ ಅಯಾನನ್ನ ಹೆಗಲೇರಿಸಿಕೊಂಡು ಅಮೋನಿಯಂ ಆಗಿರುತ್ತೆ. ಆ ರೂಪದಲ್ಲಿ ಕಿವಿರು ದಾಟಿ ಒಳಗೆ ಹೋಗೋದು ಕಷ್ಟ. ಹಲ್ಲು ಕಿತ್ತ ಹಾವು. ಕಿಟ್ ಮಾತ್ರ ಎರಡನ್ನೂ ಸೇರಿಸಿಯೇ ತೋರಿಸುತ್ತೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 6 ಇದ್ದರೆ ಒಟ್ಟು ಮೊತ್ತದಲ್ಲಿ ಹಲ್ಲಿರುವ ಅಮೋನಿಯಾ 0.06 ಶೇಕಡಾ ಕೂಡ ಇರಲ್ಲ. ಪಿಎಚ್ 8 ಆದರೆ ಅದು 5 ಶೇಕಡಾ ದಾಟುತ್ತೆ. 4 ಪಿಪಿಎಂನಲ್ಲಿ ಮೊದಲು ಇದ್ದ ನಿಜವಾದ ವಿಷ 0.002. ಅರ್ಧ ನೀರು ಬದಲಾಯಿಸಿ ಮೊತ್ತವನ್ನ 2ಕ್ಕೆ ಇಳಿಸಿದೆ, ಪಿಎಚ್‌ನ 8ಕ್ಕೆ ಏರಿಸಿದೆ, ವಿಷ 0.1 ದಾಟಿತು. ಸುಮಾರು ಐವತ್ತು ಪಟ್ಟು. ಒಂದು ಗಂಟೆಯಲ್ಲಿ ನನ್ನ ಕೈಯಾರೆ ಹಾವಿಗೆ ಹಲ್ಲು ಕಟ್ಟಿದ್ದೆ. ಅದರ ಜೊತೆಗೆ ಮೆದು ನೀರಿಗೆ ಒಗ್ಗಿದ್ದ ಮೀನಿಗೆ ಒಂದೇ ಏಟಿಗೆ ಗಡಸು ನೀರಿನ ಹೊಡೆತ ಬೇರೆ.

6ರಿಂದ 8 ಅಂದರೆ ಎರಡೇ ಹೆಜ್ಜೆ ಅನ್ನಿಸುತ್ತೆ, ಅಲ್ವಾ? ಪಿಎಚ್‌ನ ಒಂದೊಂದು ಹೆಜ್ಜೆಯೂ ಹತ್ತು ಪಟ್ಟು. ಎರಡು ಹೆಜ್ಜೆ ನೂರು ಪಟ್ಟು. ಈ ಅಳತೆಯನ್ನ 1909ರಲ್ಲಿ ಮೊದಲು ಹೇಳಿದ್ದು ಡೆನ್ಮಾರ್ಕಿನ ಸೋರೆನ್ಸೆನ್. ಅವರು ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ. ಬಿಯರಿನವರಿಂದ ಬಂದ ಅಳತೆ ನನ್ನ ಮೀನುಗಳ ಲೆಕ್ಕಕ್ಕೆ ಬಂತು. ಬ್ಯಾಕ್ಟೀರಿಯಾದ ಕಥೆಯೂ ಹೀಗೇ. ಅಮೋನಿಯಾವನ್ನ ನೈಟ್ರೈಟ್ ಮಾಡೋದು ಒಂದು ಗುಂಪು, ನೈಟ್ರೈಟನ್ನ ನೈಟ್ರೇಟ್ ಮಾಡೋದು ಇನ್ನೊಂದು ಗುಂಪು ಅಂತ ನೂರು ವರ್ಷಕ್ಕೂ ಜಾಸ್ತಿ ಪಾಠ ಮಾಡಿದರು. 2015ರಲ್ಲಿ ನೋಡಿದರೆ ಎರಡೂ ಕೆಲಸ ಒಂಟಿಯಾಗಿ ಮಾಡೋ ನೈಟ್ರೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ಫಿಲ್ಟರ್.

ಆ ರಾತ್ರಿ ನಾನು ಏನು ಮಾಡಬೇಕಿತ್ತು? ಇದನ್ನ ಯೋಚಿಸಿದರೆ ಇನ್ನೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ನೀರು ಬದಲಾಯಿಸಿದ್ದಕ್ಕೇ ಹೀಗಾಯಿತು ಅಂತ ಹೆದರಿ, ಮತ್ತೆ ನೀರು ಮುಟ್ಟಲೇ ಇಲ್ಲ. ಆದರೆ ಪಿಎಚ್ ಆಗಲೇ 8ಕ್ಕೆ ಏರಿಬಿಟ್ಟಿತ್ತು. ಇನ್ನು ಕೆಡೋದಕ್ಕೆ ಏನೂ ಉಳಿದಿರಲಿಲ್ಲ. ಆಗ ಅದೇ ಟ್ಯಾಂಕರ್ ನೀರಲ್ಲಿ ಇನ್ನೊಂದು ಸಲ ಅರ್ಧ ಬದಲಾಯಿಸಿದ್ದರೆ ವಿಷವೂ ಅರ್ಧವಾಗುತ್ತಿತ್ತು. ಮೊದಲನೇ ಸಲ ಧೈರ್ಯ ಮಾಡಬಾರದಿತ್ತು, ಎರಡನೇ ಸಲ ಮಾಡಬೇಕಿತ್ತು. ನಾನು ಮಾಡಿದ್ದು ಉಲ್ಟಾ.

ಮೊದಲಿಂದ ಸರಿಯಾಗಿ ಮಾಡೋದಾದರೆ, ಇಂಥ ಹಳೇ ತೊಟ್ಟಿಗೆ ಮೊದಲ ಕೆಲಸ ಪರೀಕ್ಷೆ. ಅಮೋನಿಯಾ ಇದ್ದು ಪಿಎಚ್ ಕೆಳಗಿದ್ದರೆ, ಪಿಎಚ್‌ನ ಏರಿಸದೆ ಅಮೋನಿಯಾವನ್ನ ಹೊರಗೆ ಹಾಕಬೇಕು. ನನ್ನ ಹತ್ತಿರ ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇತ್ತು, ಆ ಆರ್‌ಓ ನೀರೇ. ರೋಗ ತಂದ ನೀರೇ ಆ ಒಂದು ವಾರದ ಮಟ್ಟಿಗೆ ಔಷಧಿ ಆಗುತ್ತಿತ್ತು. ದಿನಾ ಐದೈದು ಲೀಟರ್ ಬದಲಾಯಿಸಿ, ಊಟ ಕಡಿಮೆ ಮಾಡಿ, ಅಮೋನಿಯಾ ಇಳಿದ ಮೇಲೆ ಸ್ವಲ್ಪ ಸ್ವಲ್ಪ ನಲ್ಲಿ ನೀರು ಸೇರಿಸಬೇಕಿತ್ತು. ಅಂಗಡಿಯಲ್ಲಿ ಸಿಗೋ ಪಿಎಚ್ ಏರಿಸೋ ಬಾಟಲ್ ಅಂತೂ ಈ ಹೊತ್ತಲ್ಲಿ ಮುಟ್ಟಲೇಬಾರದು. ಮೂರು ದಿನಕ್ಕೊಮ್ಮೆ ಅದನ್ನ ಹಾಕುತ್ತಾ ಕೂರುವವರನ್ನ ನೋಡಿದ್ದೇನೆ. ಕೆಎಚ್ ನೋಡದೆ ಪಿಎಚ್ ತಿದ್ದೋದು ಅಂದರೆ ಖಾಲಿ ಡಬ್ಬದ ಮುಂದೆ ನಿಂತು ಅನ್ನಕ್ಕೆ ಎಸರಿಟ್ಟ ಹಾಗೆ.

ಉಳಿದ ಆರು ಮೀನಿಗೆ ಒಂದು ವಾರ ಊಟ ಕಡಿಮೆ ಮಾಡಿದೆ. ಕೆಎಚ್ ಬಂದ ಮೇಲೆ ಬ್ಯಾಕ್ಟೀರಿಯಾಗಳು ತಾವಾಗಿ ಎದ್ದವು. ಅಮೋನಿಯಾ ಇಳಿದ ಹಾಗೆ ನಡುವೆ ನಾಲ್ಕು ದಿನ ನೈಟ್ರೈಟ್ ಏರಿತು. ಅದಕ್ಕೆ ಚೂರು ಕಲ್ಲುಪ್ಪು ಹಾಕಿದೆ. ಉಪ್ಪಿನ ಕ್ಲೋರೈಡ್ ಇದ್ದರೆ ಕಿವಿರಿನ ಬಾಗಿಲಲ್ಲಿ ನೈಟ್ರೈಟ್‌ಗೆ ಜಾಗ ಸಿಗಲ್ಲ. ಎರಡು ವಾರಕ್ಕೆ ಎರಡೂ ಸೊನ್ನೆ.

ಆಮೇಲಿನದು ಸಲೀಸು. ಅಮ್ಮನ ಅಡುಗೆ ಸೋಡಾ ಇದೆಯಲ್ಲ, ಅದು ಬೈಕಾರ್ಬೊನೇಟೇ. 50 ಲೀಟರಿಗೆ ಒಂದೂವರೆ ಗ್ರಾಂ ಕರಗಿಸಿ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತೆ. ಆದರೆ ಅದು ತಕ್ಷಣದ ಪರಿಹಾರ, ದಿನಾ ಅದೇ ಕೆಲಸ ಆಗಬಾರದು. ಮುರುಡೇಶ್ವರಕ್ಕೆ ಹೋದಾಗ ಮಗಳು ಒಂದು ಚೀಲ ಕಪ್ಪೆಚಿಪ್ಪು ಆರಿಸಿಕೊಂಡು ಬಂದಿದ್ದಳು. ಬೀರುವಿನಲ್ಲಿ ಸುಮ್ನೆ ಬಿದ್ದಿತ್ತು. ಅದರಲ್ಲಿ ಎರಡು ಹಿಡಿ ತೊಳೆದು, ಕುದಿಸಿ, ಸುತ್ತಿಗೆಯಲ್ಲಿ ಒಡೆದು, ಅವಳ ಹಳೇ ಕಾಲುಚೀಲಕ್ಕೆ ತುಂಬಿ ಫಿಲ್ಟರಿನ ಪಕ್ಕ ತೂಗಿಹಾಕಿದೆ. ಚಿಪ್ಪು ಸುಣ್ಣವೇ ತಾನೇ. ಕರಾವಳಿಯಲ್ಲಿ ಗೋಡೆಗೆ ಬಳಿಯೋಕೆ ಇದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ನೀರು ಆಮ್ಲದ ಕಡೆ ವಾಲಿದಾಗ ಅದು ಕರಗುತ್ತೆ, ಸರಿಹೋದಾಗ ನಿಧಾನವಾಗುತ್ತೆ. ಯಾವುದನ್ನ ಆರಿಸಿ ಒಡೆದೆ ಅಂತ ಮಗಳು ತಪಾಸಣೆ ಮಾಡಿದಳು. ಒಂದು ಗುಲಾಬಿ ಚಿಪ್ಪು ಕಾಣೆಯಾಗಿದೆ ಅಂತ ಇವತ್ತಿಗೂ ನನ್ನ ಮೇಲೆ ಕೇಸಿದೆ.

2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರೋ ಯೋಜನೆಯ ಐದನೇ ಹಂತ ಶುರುವಾಯಿತು. ನಮ್ಮ ಕಡೆ ಈಗ ನಲ್ಲಿ ನೀರು ಮೊದಲಿಗಿಂತ ಪರವಾಗಿಲ್ಲ. ಟ್ಯಾಂಕರ್ ಬಂದ ವಾರ ಅದಕ್ಕೆ ಅರ್ಧ ಆರ್‌ಓ ಬೆರೆಸುತ್ತೇನೆ. ಭಾನುವಾರ ಬೆಳಿಗ್ಗೆ ಕಿಟ್ ಇಳಿಸಿ ಹನಿ ಎಣಿಸುತ್ತೇನೆ. ನೈಟ್ರೇಟ್ ಪರೀಕ್ಷೆಯನ್ನ ಸೋಮಾರಿತನಕ್ಕೆ ಎರಡು ವಾರಕ್ಕೊಮ್ಮೆ ಮಾಡುತ್ತೇನೆ, ಅದರ ಎರಡನೇ ಔಷಧಿ ಬಾಟಲನ್ನ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಬೇಕು. ಅಡುಗೆಮನೆಯಿಂದ ಅಮ್ಮ ಕೇಳುತ್ತಾರೆ, "ಎಷ್ಟು ಬಂತೋ?" ನಾಲ್ಕು, ಐದು ಅನ್ನುತ್ತೇನೆ. "ಹಾಗಾದ್ರೆ ಸೋಡಾ ಬೇಡ" ಅಂತಾರೆ. ಬೇಳೆಗೆ ಬೇಕಾದದ್ದು ಜಿಎಚ್ ಲೆಕ್ಕ, ಇದು ಕೆಎಚ್ ಲೆಕ್ಕ ಅಂತ ಎರಡು ಸಲ ಬಿಡಿಸಿ ಹೇಳಿದೆ. ನಮ್ಮ ನೀರಲ್ಲಿ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯೋದರಿಂದ ಅಮ್ಮನ ಲೆಕ್ಕ ತಪ್ಪಿಲ್ಲ, ಬೇಳೆ ಬೇಯುತ್ತಿದೆ.

ಬಸವನಹುಳು ಇನ್ನೂ ಇದೆ. ಅದರ ಚಿಪ್ಪಿನ ಹಳೇ ಸುತ್ತುಗಳಲ್ಲಿ ಆ ಗುಳಿಗಳು ಹಾಗೇ ಉಳಿದಿವೆ, ಅವು ಮತ್ತೆ ತುಂಬಲ್ಲ. ಜೂನ್ ಆದಮೇಲೆ ಬೆಳೆದ ಸುತ್ತು ನುಣ್ಣಗೆ, ದಪ್ಪಗೆ, ಅರಿಶಿನದ ಬಣ್ಣ. ನಡುವೆ ಕೂದಲೆಳೆಯಷ್ಟು ದಪ್ಪದ ಒಂದು ಕಂದು ಗೆರೆ.